ಎತ್ತುವುದು ಜಾಕಿ, ಹೊರುವುದು ಸ್ಟ್ಯಾಂಡು: ಓದುಗರ ಗ್ಯಾರೇಜ್ ಪ್ರಶ್ನೆಗಳು

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಗಾಡಿ ಎತ್ತುವುದರ ಬಗ್ಗೆಯೇ ಇವೆ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಹಳೆಯ ಹ್ಯಾಚ್‌ಬ್ಯಾಕ್‌ನ ಎಂಜಿನ್ ಆಯಿಲ್ ನಾನೇ ಬದಲಾಯಿಸಬೇಕು ಅಂತಿದ್ದೇನೆ. ಕಾರಿನ ಜೊತೆ ಬಂದ ಜಾಕಿಯಲ್ಲಿ ಮುಂಭಾಗ ಎತ್ತಿ, ಮನೆ ಕಟ್ಟಿದಾಗ ಉಳಿದ ಹಾಲೋ ಬ್ಲಾಕ್ ಎರಡು ಕೆಳಗೆ ಕೊಟ್ಟರೆ ಸಾಕಲ್ಲವೇ? (ನಾಗರಬಾವಿ)

ಬೇಡ. ನೀವು ಹೇಳಿದ ಎರಡು ಸಾಮಾನಿನಲ್ಲಿ ಒಂದೂ ಈ ಕೆಲಸಕ್ಕೆ ಆಗುವಂಥದ್ದಲ್ಲ.

ಡಿಕ್ಕಿಯಲ್ಲಿ ಬರುವ ಕತ್ತರಿ ಜಾಕಿ ಸ್ಟೆಪ್ನಿ ಹಾಕುವ ಹದಿನೈದಿಪ್ಪತ್ತು ನಿಮಿಷಕ್ಕೆ ಅಂತ ಮಾಡಿದ್ದು. ಅದರ ಪಾದ ಅಂಗೈಯಷ್ಟೇ ಅಗಲ. ಮೇಲೇರಿದಷ್ಟೂ ಎತ್ತರ ಬೆಳೆಯುತ್ತದೆ, ಪಾದ ಮಾತ್ರ ಇದ್ದಷ್ಟೇ. ಗಾಡಿ ಹಿಂದಕ್ಕೋ ಮುಂದಕ್ಕೋ ನಾಲ್ಕು ಬೆರಳು ಸರಿದರೆ ಸಾಕು, ಜಾಕಿ ವಾಲಿ ಬೀಳುತ್ತದೆ. ಚಕ್ರ ಬದಲಾಯಿಸುವವನು ಗಾಡಿಯ ಹೊರಗೆ ಕೂತಿರುತ್ತಾನೆ, ಹಾಗಾಗಿ ಬಿದ್ದರೂ ಬ್ರೇಕ್ ಡಿಸ್ಕ್ ನೆಲಕ್ಕೆ ತಾಗುತ್ತದೆ ಅಷ್ಟೆ. ಆಯಿಲ್ ಬಿಚ್ಚುವವನ ಎದೆ ಗಾಡಿಯ ಅಡಿಯಲ್ಲಿರುತ್ತದೆ.

ಇನ್ನು ಹಾಲೋ ಬ್ಲಾಕ್. ಗೋಡೆಯಲ್ಲಿ ಅದು ಎರಡು ಮಹಡಿ ಹೊರುತ್ತದಲ್ಲ ಅನ್ನಬಹುದು. ಗೋಡೆಯಲ್ಲಿ ಗಾರೆಯ ಹಾಸಿನ ಮೂಲಕ ಭಾರ ಇಡೀ ಮೇಲ್ಮೈಗೆ ಹರಡಿ ಇಳಿಯುತ್ತದೆ. ಕಾರಿನ ಅಡಿಯಲ್ಲಿ ಅದೇ ಭಾರ ಉಗುರಿನಷ್ಟು ಅಗಲದ ಉಕ್ಕಿನ ಅಂಚಿನಿಂದ ಒಂದೇ ಕಡೆ ಒತ್ತುತ್ತದೆ. ಜೊತೆಗೆ ಬ್ಲಾಕನ್ನು ಅಡ್ಡ ಮಲಗಿಸಿದ್ದರೆ ಭಾರವೆಲ್ಲ ತೆಳು ಗೋಡೆಯ ಮೇಲೇ ಬೀಳುತ್ತದೆ. ಕಾಂಕ್ರೀಟು ಬಾಗುವುದಿಲ್ಲ, ಕಿರುಗುಟ್ಟುವುದಿಲ್ಲ. ಹತ್ತು ನಿಮಿಷ ಸುಮ್ಮನಿದ್ದು ಒಮ್ಮೆಗೇ ಪುಡಿಯಾಗುತ್ತದೆ. ಇಟ್ಟಿಗೆ, ಸಾಲಿಡ್ ಬ್ಲಾಕ್, ಕಡಪ ಕಲ್ಲಿನ ತುಂಡು, ಫುಟ್‌ಪಾತಿನ ಪೇವರ್, ಎಲ್ಲದರ ಹಣೆಬರಹವೂ ಇದೇ. ಸೈಜುಗಲ್ಲು ಒಡೆಯಲಿಕ್ಕಿಲ್ಲ, ಆದರೆ ಅದರ ಮುಖ ಸಮತಟ್ಟಲ್ಲ, ಉಕ್ಕು ಅದರ ಮೇಲೆ ಜಾರುತ್ತದೆ. ಮರ ಮಾತ್ರ ಬೇರೆ ಜಾತಿ. ಗಟ್ಟಿ ಮರದ ದಿಮ್ಮಿ ಜಜ್ಜಿಕೊಳ್ಳುವಾಗ ಸದ್ದು ಮಾಡುತ್ತದೆ, ನಿಧಾನವಾಗಿ ಕುಸಿಯುತ್ತದೆ. ಎಚ್ಚರಿಕೆ ಕೊಡುವ ಗುಣ ಅದಕ್ಕಿದೆ.

ಬೇಕಾದ್ದು ಇಷ್ಟು: ಚಕ್ರವಿರುವ 2 ಟನ್ನಿನ ಟ್ರಾಲಿ ಜಾಕಿ ಒಂದು, ಎತ್ತಿದ ಗಾಡಿಯನ್ನು ಹೊರಲು 2 ಅಥವಾ 3 ಟನ್ನಿನ ಉಕ್ಕಿನ ಸ್ಟ್ಯಾಂಡು ಒಂದು ಜೊತೆ, ಚಕ್ರ ಉರುಳದಂತೆ ಕೊಡಲು ಅಡೆ ನಾಲ್ಕು. 900 ಕಿಲೋದ ಕಾರಿನಲ್ಲಿ ಎಂಜಿನ್ ಮುಂದಿರುವುದರಿಂದ ಸುಮಾರು ಶೇ 60ರಷ್ಟು ತೂಕ ಮುಂಭಾಗದ್ದೇ. ಅಂದರೆ ಪ್ರತಿ ಸ್ಟ್ಯಾಂಡಿನ ಪಾಲಿಗೆ 270 ಕಿಲೋ. ಇಷ್ಟಕ್ಕೆ 2 ಟನ್ ಯಾಕೆ ಅಂದರೆ, ಬೋಲ್ಟ್ ಬಿಚ್ಚಲು ಪಾನ ಹಾಕಿ ಎಳೆಯುವಾಗ ಬೀಳುವ ಜಗ್ಗಾಟ ನಿಂತ ಭಾರದ ಲೆಕ್ಕಕ್ಕೆ ಸಿಗುವುದಿಲ್ಲ.

ಕೆಲಸದ ಕ್ರಮಕ್ಕೆ ಬರೋಣ. ಗಾಡಿಯನ್ನು ಗಟ್ಟಿ, ಸಮ ನೆಲದಲ್ಲಿ ನಿಲ್ಲಿಸಿ. ಸಮವೋ ಅಲ್ಲವೋ ಅನುಮಾನವಿದ್ದರೆ ನೀರಿನ ಬಾಟಲಿಯನ್ನು ನೆಲಕ್ಕೆ ಮಲಗಿಸಿ ನೋಡಿ. ಉರುಳಿದರೆ ಜಾಗ ಬದಲಾಯಿಸಿ. ಹ್ಯಾಂಡ್‌ಬ್ರೇಕ್ ಎಳೆದು, ಮೊದಲನೇ ಗೇರಿಗೆ ಹಾಕಿ, ಹಿಂದಿನ ಎರಡೂ ಚಕ್ರಗಳಿಗೆ ಹಿಂದೆಯೂ ಮುಂದೆಯೂ ಅಡೆ ಕೊಡಿ. ಒಳಗೆ ಯಾರೂ ಇರಬಾರದು, ಬಾಗಿಲು ಮುಚ್ಚಿರಲಿ.

ಹೊಸಬರೆಲ್ಲ ಸಿಕ್ಕಿಬೀಳುವುದು ಇಲ್ಲಿ: ಜಾಕಿ ಕೊಡಬೇಕಾದ ಜಾಗವೂ ಸ್ಟ್ಯಾಂಡು ಕೊಡಬೇಕಾದ ಜಾಗವೂ ಒಂದೇ ಆಗಿಬಿಡುತ್ತದೆ. ಬಾಗಿಲ ಕೆಳಗಿನ ಅಂಚುಪಟ್ಟಿಗೆ ಜಾಕಿ ಕೊಟ್ಟು ಎತ್ತಿದರೆ ಸ್ಟ್ಯಾಂಡಿಗೆ ಜಾಗವೇ ಉಳಿಯುವುದಿಲ್ಲ. ಅದಕ್ಕೆ ಟ್ರಾಲಿ ಜಾಕಿಯನ್ನು ಮುಂಭಾಗದ ಮಧ್ಯದ ಕ್ರಾಸ್‌ಮೆಂಬರಿಗೆ, ಅಂದರೆ ಅಡಿಯಲ್ಲಿ ಅಡ್ಡ ಹೋಗಿರುವ ಉಕ್ಕಿನ ತೊಲೆಗೆ, ಕೊಟ್ಟು ಎರಡೂ ಬದಿ ಒಟ್ಟಿಗೆ ಎತ್ತಿ, ಸ್ಟ್ಯಾಂಡುಗಳನ್ನು ಎರಡು ಬದಿಯ ಜಾಕಿ ಪಾಯಿಂಟಿನಲ್ಲಿ ನಿಲ್ಲಿಸುತ್ತಾರೆ. ನಿಮ್ಮ ಕಾರಿನಲ್ಲಿ ಆ ಮಧ್ಯದ ಜಾಗ ಎಲ್ಲಿದೆ, ಅಲ್ಲಿ ಎತ್ತಬಹುದೇ ಎನ್ನುವುದು ಮಾಲೀಕರ ಕೈಪಿಡಿಯಲ್ಲಿ ಅಥವಾ ಸರ್ವೀಸ್ ಕೈಪಿಡಿಯಲ್ಲಿ ಚಿತ್ರಸಹಿತ ಇರುತ್ತದೆ. ಊಹೆಯ ಮೇಲೆ ಎಂಜಿನ್ನಿನ ಅಡಿಯ ಆಯಿಲ್ ಸಂಪಿಗೋ ಗೇರ್‌ಬಾಕ್ಸಿಗೋ ರೇಡಿಯೇಟರಿನ ಕೆಳಪಟ್ಟಿಗೋ ಜಾಕಿ ಕೊಡಬೇಡಿ. ಸಂಪು ಒಳಗೆ ಗುಂಡಿ ಬಿದ್ದರೆ ಆಯಿಲ್ ಹೀರುವ ಜಾಲರಿಗೆ ತಾಗುತ್ತದೆ, ಎಂಜಿನ್ನೇ ಹೋದೀತು.

ಬೇಕಾದ್ದಕ್ಕಿಂತ ಎರಡು ಬೆರಳು ಹೆಚ್ಚು ಎತ್ತಿ. ಎರಡೂ ಸ್ಟ್ಯಾಂಡನ್ನು ಒಂದೇ ಮೆಟ್ಟಿಲಿಗೆ ಇಟ್ಟು, ಹಲ್ಲಿನ ಕೊಂಡಿ ಪೂರ್ತಿ ಕಚ್ಚಿದೆಯೇ ನೋಡಿ, ಪಿನ್ ಇದ್ದರೆ ತೂರಿಸಿ. ಆಮೇಲೆ ಜಾಕಿಯ ವಾಲ್ವನ್ನು ಕಾಲು ಸುತ್ತಷ್ಟೇ ಬಿಚ್ಚಿ ಇಳಿಸಿ. ಧಡಕ್ಕನೆ ಬಿಟ್ಟರೆ ಸ್ಟ್ಯಾಂಡು ಪಕ್ಕಕ್ಕೆ ಒದೆಯುತ್ತದೆ. ಸ್ಟ್ಯಾಂಡಿನ ನಾಲ್ಕೂ ಕಾಲು ನೆಲಕ್ಕೆ ಕೂತಿದೆಯೇ ಅಂತ ಬಗ್ಗಿ ನೋಡಿ. ಈಗ ಬಂಪರಿನ ಪಕ್ಕ ನಿಂತು ಗಾಡಿಯನ್ನು ಎರಡೂ ಕೈಯಿಂದ ಜೋರಾಗಿ ಅಲುಗಾಡಿಸಿ. ಬೀಳುವುದಿದ್ದರೆ ಈಗಲೇ, ನೀವು ಹೊರಗಿರುವಾಗಲೇ ಬೀಳಲಿ. ಅಲುಗದಿದ್ದರೆ ಜಾಕಿಯನ್ನು ತೆಗೆಯದೆ ಕ್ರಾಸ್‌ಮೆಂಬರಿಗೆ ಸ್ವಲ್ಪವೇ ತಾಗುವಂತೆ ಬಿಡಿ. ಸ್ಟೆಪ್ನಿಯನ್ನು ಬಾಗಿಲ ಕೆಳಗೆ ಮಲಗಿಸಿಡಿ. ಇಷ್ಟಾದ ಮೇಲೆ ಅಡಿಗೆ ಹೋಗಿ.

ಅಂದಹಾಗೆ, ಬರೀ ಆಯಿಲ್ ಬದಲಾವಣೆಗಾದರೆ ಒಂದು ಜೊತೆ ಉಕ್ಕಿನ ರ‍್ಯಾಂಪು ಜಾಕಿಗಿಂತ ನೆಮ್ಮದಿ. ಗಾಡಿ ತನ್ನ ಚಕ್ರದ ಮೇಲೇ ನಿಂತಿರುತ್ತದೆ. ಹತ್ತಿಸುವಾಗ ಪಕ್ಕದಲ್ಲಿ ಒಬ್ಬರು ನಿಂತು ನೋಡಬೇಕು. ನುಣುಪು ಟೈಲ್ಸ್ ಇದ್ದರೆ ರ‍್ಯಾಂಪು ಮುಂದಕ್ಕೆ ಜಾರುತ್ತದೆ, ಅಡಿಗೆ ರಬ್ಬರ್ ಮ್ಯಾಟ್ ಹಾಕಿ. ಹಿಂದಿನ ಚಕ್ರಕ್ಕೆ ಅಡೆ ಆಗಲೂ ಬೇಕು.

ಪ್ರಶ್ನೆ: ನಮ್ಮ ಬೀದಿ ಸ್ವಲ್ಪ ಇಳಿಜಾರು. ಹಿಂದಿನ ಚಕ್ರ ಎಳೆಯುವ ವ್ಯಾನು. ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲೂ ಇಟ್ಟು, ಹಿಂದಿನ ಎಡ ಚಕ್ರ ಎತ್ತಿದ ತಕ್ಷಣ ಗಾಡಿ ಜಾರಿ ಜಾಕಿ ಮಗುಚಿತು. ಗೇರು ಯಾಕೆ ಹಿಡಿಯಲಿಲ್ಲ? (ಮಹಾಲಕ್ಷ್ಮಿ ಲೇಔಟ್)

ಹಿಡಿಯದಂತೆ ಮಾಡಿದ್ದು ಡಿಫರೆನ್ಷಿಯಲ್. ತಿರುವಿನಲ್ಲಿ ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲಿ ಅಂತ ಇಟ್ಟಿರುವ ಗೇರುಪೆಟ್ಟಿಗೆ ಅದು. ಗೇರಿನಲ್ಲಿಟ್ಟರೆ ಎಂಜಿನ್ ಕಡೆಯ ಶಾಫ್ಟು ತಿರುಗುವುದಿಲ್ಲ, ನಿಜ. ಆದರೆ ಎಡ ಚಕ್ರ ಗಾಳಿಯಲ್ಲಿದ್ದರೆ ಅದು ಹಿಂದಕ್ಕೆ ತಿರುಗುತ್ತದೆ, ನೆಲದಲ್ಲಿರುವ ಬಲ ಚಕ್ರ ಅಷ್ಟೇ ಮುಂದಕ್ಕೆ ಉರುಳುತ್ತದೆ. ಶಾಫ್ಟು ಮಿಸುಕುವುದೇ ಇಲ್ಲ, ಗಾಡಿ ಮಾತ್ರ ಹೊರಟುಹೋಗುತ್ತದೆ. ಆಗ ಗಾಡಿಯನ್ನು ಹಿಡಿದಿರುವುದು ಹ್ಯಾಂಡ್‌ಬ್ರೇಕ್ ಒಂದೇ. ನಿಮ್ಮದರಲ್ಲಿ ಅದು ಸಡಿಲವಿರಬೇಕು. ಲಿವರ್ ಎಳೆಯುವಾಗ ಹತ್ತಕ್ಕಿಂತ ಹೆಚ್ಚು ಕಟಕಟ ಕೇಳಿಸಿದರೆ ಕೇಬಲ್ ಬಿಗಿ ಮಾಡಿಸಿ, ಎರಡೂ ಡ್ರಮ್ ಸಮನಾಗಿ ಹಿಡಿಯುತ್ತವೆಯೇ ನೋಡಿಸಿ.

ಇದನ್ನು ಎಲ್ಲ ಗಾಡಿಗಳಿಗೂ ಹೀಗೆ ಅನ್ವಯಿಸಿಕೊಳ್ಳಿ. ಹ್ಯಾಂಡ್‌ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಗಳಿಗೆ. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ, ಅಂದರೆ ಸ್ವಿಫ್ಟ್, ಐ20 ಥರದ್ದರಲ್ಲಿ, ಮುಂದಿನ ಒಂದು ಚಕ್ರ ಎತ್ತಿದರೆ ಗೇರು ದಂಡ, ಹ್ಯಾಂಡ್‌ಬ್ರೇಕ್ ಹಿಡಿಯುತ್ತದೆ. ಹಿಂದಿನ ಎರಡೂ ಎತ್ತಿದರೆ ಹ್ಯಾಂಡ್‌ಬ್ರೇಕ್ ದಂಡ, ಗೇರು ಹಿಡಿಯುತ್ತದೆ. ಆಟೋಮ್ಯಾಟಿಕ್‌ನ ಪಾರ್ಕಿಂಗ್ ಲಾಕ್ ಕೂಡ ಗೇರಿನ ಹಾಗೆಯೇ, ಅದೂ ಡಿಫರೆನ್ಷಿಯಲ್ ದಾಟಿಯೇ ಚಕ್ರಕ್ಕೆ ತಲುಪಬೇಕು. ಬೊಲೆರೊ, ಈಕೋದಂಥ ಹಿಂದಿನ ಚಕ್ರ ಎಳೆಯುವವುಗಳಲ್ಲಿ ಹಿಂದಿನ ಎರಡೂ ಚಕ್ರ ಮೇಲೆ ಹೋದರೆ ಗೇರೂ ಇಲ್ಲ, ಹ್ಯಾಂಡ್‌ಬ್ರೇಕೂ ಇಲ್ಲ. ಮುಂದಿನ ಚಕ್ರಗಳು ಬಿಟ್ಟ ಬಂಡಿಯ ಹಾಗೆ ಇರುತ್ತವೆ. ಅಲ್ಲಿ ಅಡೆ ಕೊಡದೆ ಎತ್ತುವುದೆಂದರೆ ಗಾಡಿಯನ್ನು ಗೊತ್ತಿದ್ದೂ ಬಿಟ್ಟ ಹಾಗೆ.

ಅಡೆ ಎಂದರೆ ಸಿಕ್ಕಿದ ಜಲ್ಲಿಯಲ್ಲ. 4 ಇಂಚಿನ ಚೌಕ ಮರದ ತುಂಡನ್ನು ಓರೆಯಾಗಿ ಕೊಯ್ಯಿಸಿ, ಓರೆ ಮುಖ ಟೈರಿಗೆ ಕಚ್ಚುವಂತೆ ಒದ್ದು ಕೂರಿಸಬೇಕು. ಬಡಗಿಯ ಹತ್ತಿರ ಐದು ನಿಮಿಷದ ಕೆಲಸ. ಕೊಡುವುದು ಎತ್ತುವ ಚಕ್ರಕ್ಕೆ ಎದುರು ತುದಿಯ ಚಕ್ರಗಳಿಗೆ, ಇಳಿಜಾರಿನ ಕಡೆ ಕಡ್ಡಾಯ. ಆದರೆ ನಿಮ್ಮ ಬೀದಿಯಲ್ಲಿ ಅಡೆ ಕೊಟ್ಟೂ ಎತ್ತಬೇಡಿ. ಸ್ವಲ್ಪ ಗಾಳಿ ತುಂಬಿಕೊಂಡು ಸಮತಟ್ಟಾದ ಅಡ್ಡರಸ್ತೆಗೆ ಹೋಗಿ.

ಪ್ರಶ್ನೆ: ಜೆ.ಸಿ. ರಸ್ತೆಗೆ ಹೋದರೆ ಒಬ್ಬೊಬ್ಬರು ಒಂದೊಂದು ಜಾಕಿ ತೋರಿಸುತ್ತಾರೆ. ಬಾಟಲ್ ಜಾಕಿ ಕೊಳ್ಳಲೋ, ಟ್ರಾಲಿಯೋ? ಸ್ಟ್ಯಾಂಡಿನಲ್ಲಿ ಏನು ನೋಡಬೇಕು? (ಚಾಮರಾಜಪೇಟೆ)

ಬಾಟಲ್ ಜಾಕಿ ಅಗ್ಗ, ಪುಟ್ಟದು, 5 ಟನ್ ಎತ್ತುತ್ತದೆ. ಆದರೆ ಅದರ ಕುಗ್ಗಿದ ಎತ್ತರವೇ ಸುಮಾರು 19–20 ಸೆಂಟಿಮೀಟರ್. ಸಣ್ಣ ಕಾರಿನ ಟೈರಿನ ಗಾಳಿ ಇಳಿದಾಗ ಅಂಚುಪಟ್ಟಿ ಅದಕ್ಕಿಂತ ಕೆಳಗಿರುತ್ತದೆ. ಬೇಕಾದ ದಿನವೇ ತೂರುವುದಿಲ್ಲ. ಅದರ ತಲೆಯೂ ಚಿಕ್ಕದು, ಕಾರಿನ ತಗಡಿಗಲ್ಲ, ಆಕ್ಸಲ್ಲಿಗೆ ತಕ್ಕದ್ದು. ಬೊಲೆರೊ, ಸ್ಕಾರ್ಪಿಯೊ, ಟೆಂಪೊ ಇರುವವರು ಕೊಳ್ಳಲಿ. ಹಿಂದಿನ ಆಕ್ಸಲ್ ಕೊಳವೆಗೆ, ಪಟ್ಟಿ ಸ್ಪ್ರಿಂಗ್ ಇದ್ದರೆ ಅದು ಕೂರುವ ಜಾಗದ ಹತ್ತಿರ ಕೊಡಬೇಕು. ನಡುವಿನ ಗುಂಡಗಿನ ಡಿಫರೆನ್ಷಿಯಲ್ ಮನೆಗಲ್ಲ.

ಕಾರಿಗೆ ಟ್ರಾಲಿಯೇ ಸರಿ. ಅಂಗಡಿಯಲ್ಲಿ ಮೂರು ಅಳತೆ ಕೇಳಿ: ಅತಿ ಕೆಳಗಿನ ಎತ್ತರ, ಅತಿ ಮೇಲಿನ ಎತ್ತರ, ಟನ್ನು. ಚಿಕ್ಕ ಟ್ರಾಲಿಗಳು ಸಾಮಾನ್ಯವಾಗಿ 13.5 ಸೆಂಟಿಮೀಟರಿನಿಂದ 33–34ರವರೆಗೆ ಹೋಗುತ್ತವೆ. ಸ್ಟ್ಯಾಂಡಿನ ಅತಿ ಕೆಳಗಿನ ಎತ್ತರ 27–28 ಇರುತ್ತದೆ. ಇವೆರಡನ್ನೂ ಒಟ್ಟಿಗೆ ತೂಗಿ ನೋಡದೆ ಕೊಂಡವರು ಮನೆಗೆ ಹೋಗಿ ಜಾಕಿ ಪೂರ್ತಿ ಎತ್ತಿದರೂ ಸ್ಟ್ಯಾಂಡು ತೂರದೆ ಪೇಚಾಡುತ್ತಾರೆ. ಎಸ್‌ಯುವಿ ಇದ್ದರೆ ಚಿಕ್ಕ ಟ್ರಾಲಿ ಸಾಲದು: ಅದರ ಸ್ಪ್ರಿಂಗ್ ಉದ್ದಕ್ಕೆ ಇಳಿಯುತ್ತದೆ, ಬಾಡಿ ಮೇಲೇರಿದರೂ ಚಕ್ರ ನೆಲ ಬಿಡುವುದಿಲ್ಲ. 45–50 ಸೆಂಟಿಮೀಟರ್ ಏರುವ 3 ಟನ್ನಿನದು ಬೇಕು, ಅದು ಭಾರ, ಇಬ್ಬರು ಹಿಡಿಯಬೇಕಾದೀತು. ಸಾಲದ ಎತ್ತರಕ್ಕೆ ಜಾಕಿಯ ತಲೆಯ ಮೇಲೆ ಮರದ ತುಂಡುಗಳನ್ನು ಪೇರಿಸುವ ಉಪಾಯ ಬೇಡ. ಮರ ಕೊಡುವುದಾದರೆ ಜಾಕಿಯ ಅಡಿಗೆ, ಅದೂ ಜಾಕಿ ಪೂರ್ತಿ ಕೂರುವಷ್ಟು ದೊಡ್ಡ ಹಲಗೆ.

ಸ್ಟ್ಯಾಂಡಿನಲ್ಲಿ ಎರಡು ಥರ. ಒಂದು ಹಲ್ಲಿನ ಕೊಂಡಿಯದು, ಇನ್ನೊಂದು ತೂತಿಗೆ ಪಿನ್ ತೂರಿಸುವುದು. ಹಲ್ಲಿನದು ಅನುಕೂಲ, ಪಿನ್ನಿನದು ನೆಮ್ಮದಿ, ಯಾಕೆಂದರೆ ಬೆರಳಷ್ಟು ದಪ್ಪದ ಉಕ್ಕು ಅಡ್ಡ ಹೋಗಿರುವಾಗ ಜಾರಲು ದಾರಿಯೇ ಇಲ್ಲ. ಹಲ್ಲಿನದೇ ಆದರೆ ಮೇಲೆ ಎರಡನೇ ಪಿನ್ ಇರುವುದನ್ನು ಆರಿಸಿ. ಇದು ಬರೀ ಗುಮಾನಿಯಲ್ಲ. 2020ರಲ್ಲಿ ಅಮೆರಿಕದ ಹಾರ್ಬರ್ ಫ್ರೇಟ್ ಕಂಪನಿ ತನ್ನ 3 ಟನ್, 6 ಟನ್ ಸ್ಟ್ಯಾಂಡುಗಳನ್ನು ದೊಡ್ಡ ಸಂಖ್ಯೆಯಲ್ಲಿ ವಾಪಸ್ ಪಡೆಯಬೇಕಾಯಿತು: ಹಲ್ಲು ಸರಿಯಾಗಿ ಕಚ್ಚದೆ ಭಾರದ ಕೆಳಗೆ ಕುಸಿಯುವ ಸಾಧ್ಯತೆ ಇತ್ತು. ಬದಲಿಗೆ ಕೊಟ್ಟ ಕೆಲವು ಸ್ಟ್ಯಾಂಡುಗಳನ್ನೂ ಅದೇ ವರ್ಷ ಬೆಸುಗೆಯ ದೋಷಕ್ಕೆ ವಾಪಸ್ ಕರೆಸಿತು. ಆದ್ದರಿಂದ ಅಂಗಡಿಯಲ್ಲೇ ಸ್ಟ್ಯಾಂಡನ್ನು ತಲೆಕೆಳಗು ಮಾಡಿ ಕಾಲಿನ ಬೆಸುಗೆ ನೋಡಿ: ಗೆರೆ ಎಲ್ಲೂ ಕಡಿಯದೆ ಹರಿದಿರಬೇಕು, ಗುಳ್ಳೆ, ತೂತು ಇರಬಾರದು. ಕಂಬವನ್ನು ಎಳೆದು ಪ್ರತಿ ಹಲ್ಲಿನಲ್ಲೂ ನಿಲ್ಲಿಸಿ, ಮೇಲಿಂದ ಅಂಗೈಯಲ್ಲಿ ಗುದ್ದಿ. ಜೊತೆಯಲ್ಲಿ ಒಂದು ಚೆನ್ನಾಗಿದ್ದು ಇನ್ನೊಂದು ಲೊಡಲೊಡ ಅಂದರೆ ಎರಡನ್ನೂ ಬಿಡಿ. ಪಟ್ಟಿಯ ಮೇಲೆ ಬರೆದ ಟನ್ನು ಒಂದಕ್ಕೋ ಜೊತೆಗೋ ಅನ್ನುವುದನ್ನು ಓದಿ. ಎಸ್.ಜೆ.ಪಿ. ರಸ್ತೆಯ ಟೂಲ್ಸ್ ಅಂಗಡಿಗಳಲ್ಲೂ ಒಮ್ಮೆ ವಿಚಾರಿಸಿ. ಗುಜರಿಯಲ್ಲಿ ಹಳೆಯ ಪಾನ ಕೊಳ್ಳಬಹುದು. ಮರುಬೆಸುಗೆ ಹಾಕಿ ಬಣ್ಣ ಬಳಿದ ಸ್ಟ್ಯಾಂಡು ಮಾತ್ರ ಬಿಟ್ಟಿ ಕೊಟ್ಟರೂ ಬೇಡ.

ಪ್ರಶ್ನೆ: ಮೂರು ವರ್ಷದ ಟ್ರಾಲಿ ಜಾಕಿ. ಎತ್ತಿದ ಮೇಲೆ ನಿಧಾನಕ್ಕೆ ಕೆಳಗಿಳಿಯುತ್ತದೆ. ಕೆಲವೊಮ್ಮೆ ಪಂಪು ಒತ್ತಿದರೂ ಸ್ಪಂಜಿನ ಹಾಗೆ ಮೆತ್ತಗಿರುತ್ತದೆ. ರಿಪೇರಿ ಆಗುತ್ತದೆಯೇ? (ಪೀಣ್ಯ)

ಎರಡೂ ಬೇರೆ ಬೇರೆ ಕಾಯಿಲೆ. ಮೆತ್ತಗಿರುವುದು ಎಣ್ಣೆಯೊಳಗೆ ಗಾಳಿ ಸೇರಿದ್ದರಿಂದ. ಭಾರವಿಲ್ಲದೆ, ಇಳಿಸುವ ವಾಲ್ವು ಬಿಚ್ಚಿಟ್ಟು, ಹಿಡಿಯನ್ನು ಹತ್ತು ಹದಿನೈದು ಸಲ ಬೇಗ ಬೇಗ ಪೂರ್ತಿ ಒತ್ತಿ. ವಾಲ್ವು ಮುಚ್ಚಿ ಎತ್ತಿ ನೋಡಿ. ಸರಿಹೋಗದಿದ್ದರೆ ಎಣ್ಣೆ ಕಡಿಮೆಯಾಗಿದೆ. ಜಾಕಿಯನ್ನು ಪೂರ್ತಿ ಇಳಿಸಿ, ಬದಿಯ ರಬ್ಬರ್ ಬಿರಡೆ ತೆಗೆದು, ತೂತಿನ ಕೆಳ ಅಂಚಿನ ತನಕ ಹೈಡ್ರಾಲಿಕ್ ಎಣ್ಣೆ ತುಂಬಿ. 32 ಗ್ರೇಡಿನದು ಸಾಮಾನ್ಯವಾಗಿ ಸರಿಹೊಂದುತ್ತದೆ. ಜಾಕಿ ಮೇಲೆದ್ದಿರುವಾಗ ತುಂಬಿದರೆ ಇಳಿಸುವಾಗ ಎಣ್ಣೆಗೆ ಜಾಗವಿಲ್ಲದೆ ಸೀಲು ಹರಿಯುತ್ತದೆ. ಬ್ರೇಕ್ ಎಣ್ಣೆ ಖಂಡಿತ ಬೇಡ; ಜಾಕಿಯ ರಬ್ಬರ್ ಸೀಲಿಗೆ ಅದು ಒಗ್ಗದು, ಊದಿಸಿ ಮೆತ್ತಗೆ ಮಾಡಿಬಿಡುತ್ತದೆ.

ತಾನಾಗಿ ಇಳಿಯುವುದಕ್ಕೆ ಕಾರಣ ಒಂದೋ ಇಳಿಸುವ ವಾಲ್ವಿನ ಗುಂಡಿನಡಿ ಕಸ, ಇಲ್ಲವೇ ಸವೆದ ಸೀಲು. ಹಳೆ ಎಣ್ಣೆ ಚೆಲ್ಲಿ, ಹೊಸ ಎಣ್ಣೆಯಲ್ಲಿ ಎರಡು ಸಲ ತೊಳೆದರೆ ಕಸದ ಕಾಯಿಲೆ ಹೋಗುತ್ತದೆ. ಕಂಬದ ಸುತ್ತ ಎಣ್ಣೆ ಒದ್ದೆ ಕಾಣಿಸಿದರೆ ಸೀಲು. ಪೀಣ್ಯದಲ್ಲೇ ಇದ್ದೀರಿ, ಹೈಡ್ರಾಲಿಕ್ ಸೀಲು ಮಾರುವವರಿಗೆ ಹಳೆಯದನ್ನು ತೋರಿಸಿದರೆ ಅಳತೆಗೆ ಸಿಗುತ್ತದೆ. ಆದರೆ ಪಕ್ಕದಲ್ಲಿರುವ ಇನ್ನೊಂದು ಸ್ಕ್ರೂ, ಅತಿಭಾರ ಬಂದಾಗ ಎಣ್ಣೆ ವಾಪಸ್ ಬಿಡುವ ವಾಲ್ವಿನದು, ಅದನ್ನು ಮುಟ್ಟಬೇಡಿ. ಅದನ್ನು ಬಿಗಿ ಮಾಡಿದರೆ ಜಾಕಿ ಹೆಚ್ಚು ಎತ್ತುತ್ತದೆ ಅಂತ ಹೇಳುವವರಿದ್ದಾರೆ. ಹೌದು, ಕೈ ಮುರಿಯುವ ತನಕ ಎತ್ತುತ್ತದೆ.

ಒಳ್ಳೆಯ ಜಾಕಿಯೂ ಒಂದು ದಿನ ಹೀಗೇ ಇಳಿಯುತ್ತದೆ, ದಿನ ಯಾವುದು ಅಂತ ಹೇಳಿ ಇಳಿಯುವುದಿಲ್ಲ. ಭಾರ ಎಣ್ಣೆಯ ಮೇಲಲ್ಲ, ಉಕ್ಕಿನ ಮೇಲೆ ನಿಲ್ಲಬೇಕು ಅನ್ನುವುದು ಇದಕ್ಕೇ.

ಪ್ರಶ್ನೆ: ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಇಂಟರ್‌ಲಾಕ್ ಪೇವರ್ ಹಾಸಿದ್ದಾರೆ. ಟ್ರಾಲಿ ಜಾಕಿಯಲ್ಲಿ ಎತ್ತುವಾಗ ತಲೆ ಅಂಚಿನಿಂದ ಜಾರುತ್ತದೆ, ಬಾಗಿಲ ಕೆಳಗಿನ ತಗಡೂ ಮಡಚಿದೆ. (ಬೆಳ್ಳಂದೂರು)

ಜಾರುವುದಕ್ಕೂ ಮಡಚಿದ್ದಕ್ಕೂ ಕಾರಣ ಬೇರೆ.

ಟ್ರಾಲಿ ಜಾಕಿಯ ತೋಳು ನೆಟ್ಟಗೆ ಮೇಲೇರುವುದಿಲ್ಲ, ಕಮಾನಿನಲ್ಲಿ ಏರುತ್ತದೆ. ತಲೆ ಮೇಲೆ ಹೋಗುತ್ತಾ ತನ್ನ ಬುಡದ ಕಡೆಗೂ ಸರಿಯುತ್ತದೆ. ಅದಕ್ಕೇ ಚಕ್ರ ಇಟ್ಟಿರುವುದು: ನೆಲ ನುಣುಪಿದ್ದರೆ ಜಾಕಿಯೇ ಉರುಳಿ ಗಾಡಿಯ ಅಡಿಗೆ ಸರಿದುಕೊಳ್ಳುತ್ತದೆ. ಪೇವರಿನ ಸಂದಿಯಲ್ಲಿ ಪುಟ್ಟ ಉಕ್ಕಿನ ಚಕ್ರ ಸಿಕ್ಕಿಕೊಂಡರೆ ಜಾಕಿ ನಿಂತಲ್ಲೇ ನಿಂತು ಗಾಡಿಯನ್ನು ಎಳೆಯುತ್ತದೆ. ಗಾಡಿಗೆ ಅಡೆ ಕೊಟ್ಟಿದ್ದೀರಿ, ಅದು ಬರುವುದಿಲ್ಲ. ಉಳಿದದ್ದು ತಲೆ ಜಾರುವುದೊಂದೇ. 18 ಮಿಲಿಮೀಟರಿನ ಪ್ಲೈವುಡ್ ಹಲಗೆ ಹಾಸಿ, ಜಾಕಿ ನಿಂತು ಒಂದು ಗೇಣು ಉರುಳುವಷ್ಟು ಉದ್ದದ್ದು. ಸ್ಟ್ಯಾಂಡುಗಳ ಕೆಳಗೂ ಒಂದೊಂದು ಚೌಕ ಹಲಗೆ ಇರಲಿ; ಪೇವರಿನ ಅಡಿ ಬರೀ ಮರಳು, ಒಂದೇ ಕಾಲು ಕುಸಿದರೂ ಸ್ಟ್ಯಾಂಡು ವಾಲುತ್ತದೆ. ಏಪ್ರಿಲ್ ಮೇ ಬಿಸಿಲಿನಲ್ಲಿ ಡಾಂಬರಿಗೂ ಇದೇ ಮಾತು. ಪೈಪು, ಕೇಬಲ್ಲಿಗೆ ಅಗೆದು ಮುಚ್ಚಿದ ರಸ್ತೆಯ ಪಟ್ಟಿ ಮಳೆಗಾಲದಲ್ಲಿ ನೋಡಲು ಗಟ್ಟಿ, ಒಳಗೆ ಕೆಸರು. ಅದರ ಮೇಲಂತೂ ಜಾಕಿ ಬೇಡ.

ಇನ್ನು ಮಡಚಿದ ತಗಡು. ಮುಂದಿನ ಚಕ್ರದ ಹಿಂದೆ, ಹಿಂದಿನ ಚಕ್ರದ ಮುಂದೆ, ಅಂಚುಪಟ್ಟಿಯಲ್ಲಿ ಎರಡು ಚಿಕ್ಕ ಕಚ್ಚು ಅಥವಾ ಗುರುತು ಇರುತ್ತದೆ. ಆ ಕಚ್ಚುಗಳ ನಡುವೆ ಮಾತ್ರ ಒಳಗೆ ಹೆಚ್ಚುವರಿ ಉಕ್ಕಿದೆ. ಕಾರಿನ ಕತ್ತರಿ ಜಾಕಿಯ ತಲೆಯಲ್ಲಿ ಸೀಳು ಇರುವುದು ಅಂಚನ್ನು ಒಳಗೆ ತೆಗೆದುಕೊಂಡು ಪಕ್ಕದ ಚಪ್ಪಟೆ ಭಾಗಕ್ಕೆ ಭಾರ ಕೊಡಲು. ಟ್ರಾಲಿಯ ತಟ್ಟೆಯಂಥ ತಲೆ ಅಂಚಿನ ತುದಿಯನ್ನೇ ಒತ್ತುತ್ತದೆ, ಅದು ಮಡಚದೆ ಇನ್ನೇನು ಮಾಡೀತು? ನಡುವೆ ಸೀಳಿರುವ ರಬ್ಬರ್ ಪ್ಯಾಡು ಸಿಗುತ್ತದೆ, ತಲೆಯ ಮೇಲಿಟ್ಟು ಎತ್ತಿ. ಸ್ಟ್ಯಾಂಡಿಗೂ ಅಂಥದ್ದೇ ಬೇಕು. ಮಡಚಿರುವುದನ್ನು ಅಗಲ ಬಾಯಿಯ ಇಕ್ಕಳದಲ್ಲಿ ನೆಟ್ಟಗೆ ಮಾಡಿ, ಬಿರುಕು ಬಿಟ್ಟ ಬಣ್ಣ ಉಜ್ಜಿ, ಝಿಂಕ್ ಪ್ರೈಮರ್, ಅದರ ಮೇಲೆ ಬಣ್ಣ, ಅಂಡರ್‌ಬಾಡಿ ಕೋಟಿಂಗ್. ಹಾಗೇ ಬಿಟ್ಟರೆ ಎರಡು ಮಳೆಗಾಲಕ್ಕೆ ತುಕ್ಕು ಒಳಗೆ ಹೊಕ್ಕಿರುತ್ತದೆ.

ಪ್ರಶ್ನೆ: ಅಲಾಯ್ ಚಕ್ರ. ನಟ್ಟು ಎಲ್ಲ ಬಿಚ್ಚಿದರೂ ಚಕ್ರ ತಾನು ಕೂರುವ ಹಬ್ಬಿನಿಂದ ಕಳಚಲೇ ಇಲ್ಲ. ಪಂಚರ್ ಅಂಗಡಿಯವರು ಒದ್ದು ಕಳಚಿದರು. ಅದೇ ದಾರಿಯೇ? (ಕೆಂಗೇರಿ)

ಜಾಕಿಯ ಮೇಲಿರುವ ಗಾಡಿಯ ಚಕ್ರಕ್ಕೆ ಒದೆಯುವುದೆಂದರೆ ಜಾಕಿಗೇ ಒದೆಯುವುದು. ಅಲ್ಯುಮಿನಿಯಂ ಚಕ್ರ, ಉಕ್ಕಿನ ಹಬ್ಬು ನೀರಿನ ಜೊತೆ ಸೇರಿ ತುಕ್ಕು ಕಟ್ಟಿ ಅಂಟಿಕೊಂಡಿರುತ್ತವೆ. ನಟ್ಟುಗಳನ್ನು ಮತ್ತೆ ಹಾಕಿ, ಬಿಗಿಯಿಂದ ಅರ್ಧ ಸುತ್ತು ಸಡಿಲ ಬಿಟ್ಟು, ಗಾಡಿಯನ್ನು ನೆಲಕ್ಕೆ ಇಳಿಸಿ. ಜಾಕಿ, ಅಡೆ ತೆಗೆದು, ನಡೆಯುವ ವೇಗದಲ್ಲಿ ಒಂದು ಮೀಟರ್ ಮುಂದೆ, ಒಂದು ಮೀಟರ್ ಹಿಂದೆ ಸರಿಸಿ ಬ್ರೇಕ್ ಹಾಕಿ. ಟಕ್ ಎಂದು ಬಿಡುತ್ತದೆ. ಆಮೇಲೆ ಅಡೆ ಕೊಟ್ಟು ಮತ್ತೆ ಎತ್ತಿ. ಹಬ್ಬಿನ ಮುಖವನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ, ನಡುವಿನ ಗುಂಡು ಉಬ್ಬಿಗೆ ಮಾತ್ರ ಗ್ರೀಸು ತೆಳ್ಳಗೆ ಸವರಿ. ಬೋಲ್ಟಿನ ತಿರುಪಿನ ಗೆರೆಗೆ ಗ್ರೀಸು ಹಚ್ಚಬೇಡಿ, ಹಚ್ಚಿದರೆ ಅದೇ ಬಲಕ್ಕೆ ಬೋಲ್ಟು ಬೇಕಾದ್ದಕ್ಕಿಂತ ಹೆಚ್ಚು ಎಳೆದುಕೊಳ್ಳುತ್ತದೆ.

ನಟ್ಟಿನ ವಿಷಯ ಬಂದಿದ್ದರಿಂದ: ಮೊದಲು ಸಡಿಲಿಸುವುದು ಚಕ್ರ ನೆಲದಲ್ಲಿರುವಾಗಲೇ, ಅರ್ಧ ಸುತ್ತು. ಹಾಕುವಾಗ ಮೇಲಿರುವಾಗ ಕೈ ಬಿಗಿ, ನೆಲಕ್ಕೆ ಇಳಿಸಿ ಕೊನೆಯ ಬಿಗಿ, ಎದುರುಬದುರಾಗಿ. ಸಣ್ಣ ಕಾರುಗಳಿಗೆ 85ರಿಂದ 110 ನ್ಯೂಟನ್ ಮೀಟರ್ ಆಸುಪಾಸು ಇರುತ್ತದೆ, ನಿಮ್ಮದರ ಸರಿಯಾದ ಅಂಕಿ ಕೈಪಿಡಿಯಲ್ಲಿದೆ. 25 ಸೆಂಟಿಮೀಟರಿನ ಪಾನದ ತುದಿಯಲ್ಲಿ 40 ಕಿಲೋ ಬಲ ಹಾಕಿದರೆ ಸುಮಾರು 100. ಪಾನದ ಮೇಲೆ ಹತ್ತಿ ನಿಂತು ಕುಣಿದರೆ ಅದರ ಎರಡು ಪಟ್ಟು ದಾಟುತ್ತದೆ, ಮುಂದಿನ ಪಂಚರಿನ ದಿನ ಬೋಲ್ಟು ಕತ್ತರಿಸುವುದು ಅದಕ್ಕೇ. 50–100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿ.

ಪ್ರಶ್ನೆ: ನಾವು ಆಟೊ ಓಡಿಸುವವರು. ಹಿಂದಿನ ಚಕ್ರ ಬದಲಾಯಿಸಲು ಇಬ್ಬರು ಸೇರಿ ಗಾಡಿ ವಾಲಿಸಿ ಕಲ್ಲು ಕೊಡುತ್ತೇವೆ. ತಪ್ಪೇ? (ರಾಜಾಜಿನಗರ)

ಖಾಲಿ ಆಟೊ ಸುಮಾರು 350 ಕಿಲೋ, ಇಬ್ಬರ ಕೈಗೆ ಸಿಗುತ್ತದೆ, ಅದಕ್ಕೇ ಈ ಅಭ್ಯಾಸ. ನಾಲ್ಕು ಬೆರಳು ಎತ್ತಿ ಚಕ್ರ ಹಾಕುವುದಕ್ಕೆ ನಡೆದೀತು, ಆದರೆ ಕಲ್ಲಿನ ಬದಲು ಅಗಲವಾದ ಮರದ ದಿಮ್ಮಿ ಕೊಡಿ, ಮುಂದಿನ ಚಕ್ರಕ್ಕೆ ಎರಡೂ ಕಡೆ ಅಡೆ ಕೊಡಿ. ಮೂರು ಚಕ್ರದ ಗಾಡಿಯಲ್ಲಿ ಒಂದು ಎತ್ತಿದರೆ ಉಳಿಯುವುದು ಎರಡೇ. ಪೂರ್ತಿ ಮಲಗಿಸಿ ಅಡಿಯ ಕೆಲಸ ಮಾಡುವುದು ಎಲ್‌ಪಿಜಿ, ಸಿಎನ್‌ಜಿ ಗಾಡಿಗಳಲ್ಲಿ ಬೇಡವೇ ಬೇಡ. ಬ್ಯಾಟರಿಯ ಆಸಿಡ್ಡೂ ಚೆಲ್ಲುತ್ತದೆ. ಚಿಕ್ಕ ಕತ್ತರಿ ಜಾಕಿ ಒಂದು ಸೀಟಿನಡಿ ಇಟ್ಟುಕೊಳ್ಳಿ.

ಪ್ರಶ್ನೆ: ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆಯ ಮೇಲೆ ಪಂಚರ್ ಆದರೆ ಅಲ್ಲೇ ಜಾಕಿ ಹಾಕಬಹುದೇ? (ಬೊಮ್ಮನಹಳ್ಳಿ)

ಸುಮಾರು 10 ಕಿಲೋಮೀಟರ್ ಉದ್ದದ ಆ ಸೇತುವೆಯಲ್ಲಿ ಜಾಕಿ ಹಾಕಿ ಕೂರುವಷ್ಟು ಪಕ್ಕದ ಜಾಗವಿಲ್ಲ, ಬರುವವರ ವೇಗ ಜೋರು. ಇಳಿಯುವ ದಾರಿ ಹತ್ತಿರವಿದ್ದರೆ ಅಪಾಯದ ದೀಪ ಹಾಕಿಕೊಂಡು 20ರ ವೇಗದಲ್ಲಿ ಉರುಳಿಸಿಕೊಂಡು ಇಳಿದುಬಿಡಿ. ಟೈರ್ ಹೋಗುತ್ತದೆ, ರಿಮ್ಮೂ ಹೋಗಬಹುದು, ಹೋಗಲಿ. ಆಗದಿದ್ದರೆ ಬಾಗಿಲು ತೆರೆಯುವಷ್ಟು ಮಾತ್ರ ಜಾಗ ಬಿಟ್ಟು ಎಡ ಗೋಡೆಯ ಪಕ್ಕ ನಿಲ್ಲಿಸಿ, ಎಡ ಬಾಗಿಲಿನಿಂದ ಇಳಿದು, ಗಾಡಿಯಿಂದ ದೂರ, ಮುಂದಕ್ಕೆ ನಡೆದು ನಿಂತು ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ. ಗಾಡಿಯ ಹಿಂದೆ ನಿಲ್ಲಬೇಡಿ.

ಬಳ್ಳಾರಿ ರಸ್ತೆ, ತುಮಕೂರು ರಸ್ತೆಯಂಥ ಕಡೆ ಪಕ್ಕದಲ್ಲಿ ಜಾಗ ಸಿಕ್ಕರೂ, ಪಂಚರ್ ಆದದ್ದು ವಾಹನ ಹರಿಯುವ ಬಲಬದಿಯ ಚಕ್ರವಾದರೆ ಸರ್ವೀಸ್ ರಸ್ತೆ ಸಿಗುವ ತನಕ ಬಿಚ್ಚಬೇಡಿ. ಕೆಂಪು ತ್ರಿಕೋನವನ್ನು ಗಾಡಿಗೆ ತಾಗಿಸಿಟ್ಟರೆ ಪ್ರಯೋಜನವಿಲ್ಲ, ಕನಿಷ್ಠ 50 ಮೀಟರ್ ಹಿಂದೆ ಇಡಿ.

ಪ್ರಶ್ನೆ: ಎಲೆಕ್ಟ್ರಿಕ್ ಕಾರಿಗೂ ಇದೇ ಜಾಕಿ, ಇದೇ ಸ್ಟ್ಯಾಂಡು ಆಗುತ್ತದೆಯೇ? (ವೈಟ್‌ಫೀಲ್ಡ್)

ಸಾಮಾನು ಆಗುತ್ತದೆ, ಜಾಗ ತಪ್ಪಬಾರದು. ಸಾಮಾನ್ಯವಾಗಿ ಬ್ಯಾಟರಿ ನೆಲದ ಉದ್ದಕ್ಕೂ ಹಾಸಿರುತ್ತದೆ; ಅಂಚುಪಟ್ಟಿಯಿಂದ ಒಂದು ಗೇಣು ಒಳಗೆ ಜಾಕಿ ಹೋದರೂ ಅದರ ಕವಚವನ್ನೇ ಎತ್ತುತ್ತೀರಿ. ಕೈಪಿಡಿ ತೋರಿಸಿದ ನಾಲ್ಕು ಪಾಯಿಂಟು ಬಿಟ್ಟು ಬೇರೆಲ್ಲೂ ಕೊಡಬೇಡಿ. ಅದೇ ಅಳತೆಯ ಪೆಟ್ರೋಲ್ ಕಾರಿಗಿಂತ ಭಾರ ಹೆಚ್ಚು, ಆದ್ದರಿಂದ 3 ಟನ್ನಿನ ಸ್ಟ್ಯಾಂಡು ಕೊಳ್ಳಿ. ಹಲವು ಮಾದರಿಗಳಲ್ಲಿ ಸ್ಟೆಪ್ನಿಯ ಬದಲು ಪಂಚರ್ ಕಿಟ್ ಕೊಡುತ್ತಾರೆ, ಜಾಕಿಯೂ ಇರುವುದಿಲ್ಲ. ಇವತ್ತೇ ಡಿಕ್ಕಿ ತೆಗೆದು ನೋಡಿ.